ಮೈ ನಮ್ಮದು, ಫೋಟೋ ಯಾರದು?

ಹುಣ್ಣಿಮೆಯ ದಿನ ಹುಲಿಗಿಗೆ ಹೋಗಿ ಬಂದವರಿಗೆ ಬೇರೆ ಹೇಳಬೇಕಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಟ್ರ್ಯಾಕ್ಟರು, ಗಂಗಾವತಿಯಿಂದ ಟಂಟಂ, ಮುನಿರಾಬಾದಿಗೆ ರೈಲು. ಇಳಿದ ಜನವೆಲ್ಲ ಮೊದಲು ಹೊಳೆಗೆ, ಆಮೇಲೆ ಹುಲಿಗೆಮ್ಮನ ಗುಡಿಗೆ. ಹೆಂಗಸರು ಉಟ್ಟ ಸೀರೆಯಲ್ಲೇ ಮುಳುಗೇಳುತ್ತಾರೆ. ದಂಡೆಗೆ ಬಂದ ಮೇಲೆ ಅಕ್ಕ ಒಂದು ಸೀರೆ ಅಡ್ಡ ಹಿಡಿಯುತ್ತಾಳೆ, ತಂಗಿ ಅದರ ಹಿಂದೆ ಒದ್ದೆ ಬಿಚ್ಚಿ ಒಣದು ಉಡುತ್ತಾಳೆ.

ಈ ಸೀರೆಗೋಡೆಗೆ ಕಲ್ಲಿಲ್ಲ, ಸಿಮೆಂಟಿಲ್ಲ. ಅದನ್ನು ಇಷ್ಟು ಕಾಲ ನಿಲ್ಲಿಸಿದ್ದು ಎದುರಿಗಿದ್ದ ಗಂಡಸರ ಮರ್ಯಾದೆ. ಆ ಕಡೆ ಮುಖ ತಿರುಗಿಸಬೇಕು, ಅಷ್ಟೆ.

ಈಗ ಮೆಟ್ಟಿಲ ಮೇಲೆ ಹುಡುಗನೊಬ್ಬ ಮೊಬೈಲು ಎತ್ತಿ ನಿಂತಿರುತ್ತಾನೆ. "ಏ ತಮ್ಮಾ, ಏನ್ ಹೊಡ್ಯಾಕತ್ತಿ?" ಎಂದು ಮುದುಕಿ ಗದರಿದರೆ, "ಹೊಳಿ ವಿಡಿಯೋ ಮಾಡಾಕತ್ತೀನಿ ಬೇ, ನಿಮ್ಮನ್ಯಾರು ಹೊಡದಾರ?" ಎಂಬ ಉತ್ತರ ಸಿದ್ಧ. ಹುಡುಗ ಹೇಳಿದ್ದು ನಿಜವೇ ಇರಬಹುದು. ಆದರೆ ಹೊಳೆಯ ವಿಡಿಯೋದ ಒಂದು ಮೂಲೆಯಲ್ಲಿ ಆ ತಂಗಿಯೂ ಇದ್ದಾಳೆ. ಸಂಜೆಯೊಳಗೆ ಆ ಮೂಲೆಯನ್ನಷ್ಟೇ ದೊಡ್ಡದು ಮಾಡಿ ನೋಡುವವರು ಎಷ್ಟು ಜನ, ಯಾವ ಊರವರು? ಲೆಕ್ಕ ಇಡುವವರಿಲ್ಲ.

ದೊಡ್ಡವರು ಇದಕ್ಕೆ ಖಾಸಗಿತನ ಎಂಬ ದೊಡ್ಡ ಶಬ್ದ ಬಳಸುತ್ತಾರೆ. ನಮ್ಮ ಹಳ್ಳಿಯಲ್ಲಿ ಅದಕ್ಕೆ ಚಿಕ್ಕ ಶಬ್ದವೇ ಇದೆ: ಮರೆ. "ಸ್ವಲ್ಪ ಮರಿ ಇರ್ಲಿ" ಅಂತಾರೆ. ಆ ಮರೆ ಈಗ ಎಲ್ಲಿದೆ ಎಂಬುದೇ ಪ್ರಶ್ನೆ.

ಬರಿಮೈ ಎಂದರೆ ಎಲ್ಲ ಒಂದೇ ಅಲ್ಲ

ಈ ಮಾತು ಎತ್ತಿದ ಕೂಡಲೇ ಬಸ್ಸಿನಲ್ಲಿ ಒಬ್ಬರಾದರೂ "ಬಟ್ಟಿ ನೆಟ್ಟಗ ಹಾಕ್ಕೊಂಡ್ರ ಯಾರ್ ಫೋಟೋ ಹೊಡೀತಾರ್ರಿ?" ಎನ್ನುತ್ತಾರೆ. ಬರಿಮೈಯೇ ತಪ್ಪು, ಕ್ಯಾಮರಾದ್ದೇನೂ ತಪ್ಪಿಲ್ಲ ಎಂಬ ವಾದ ಇದು. ಆದರೆ ಈ ನಾಡು ಬರಿಮೈಯನ್ನು ಕಂಡು ಎಂದೂ ಬೆಚ್ಚಿದ್ದಲ್ಲ.

ಹಳೆಯ ಶಾಸನಗಳಲ್ಲಿ ಕೊಪಣ ಎಂದರೆ ಜೈನರ ಮಹಾತೀರ್ಥ. ಆ ಕೊಪಣವೇ ಇಂದಿನ ಕೊಪ್ಪಳ. ದಿಗಂಬರ ಮುನಿಗಳು ವಿಹಾರ ಹೊರಟು ರಸ್ತೆಯಲ್ಲಿ ಬಂದರೆ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಕೈ ಮುಗಿಯುತ್ತಾರೆ. ಚಾವುಂಡರಾಯ 981ರಲ್ಲಿ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟನ ಮೈಮೇಲೆ ನೂಲೆಳೆಯಿಲ್ಲ. 2018ರ ಮಹಾಮಸ್ತಕಾಭಿಷೇಕವನ್ನು ಮನೆಮಂದಿಯೆಲ್ಲ ಕೂಡಿ ಟಿವಿಯಲ್ಲಿ ನೋಡಿದರು. 12ನೇ ಶತಮಾನದ ಅಕ್ಕಮಹಾದೇವಿ ಬಟ್ಟೆ ತೊರೆದು ಕೂದಲನ್ನೇ ಹೊದ್ದು ಹೊರಟಳೆಂದು ಹೇಳುತ್ತ ಈಗಲೂ ಆಕೆಯ ಪಟಕ್ಕೆ ಹೂವು ಏರಿಸುತ್ತೇವೆ.

ಅಂದರೆ ಬರಿಮೈ ತಾನಾಗಿ ಅಶ್ಲೀಲವಲ್ಲ. ಈ ಮಾತನ್ನು ಸುಪ್ರೀಂ ಕೋರ್ಟೂ ಹೇಳಿದೆ. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಆತನ ಕೈಹಿಡಿಯಲಿದ್ದ ಬಾರ್ಬರಾ ಬಟ್ಟೆಯಿಲ್ಲದೆ ನಿಂತ ಫೋಟೋವನ್ನು 1993ರಲ್ಲಿ ಕಲ್ಕತ್ತೆಯ ಪತ್ರಿಕೆಗಳು ಅಚ್ಚು ಹಾಕಿದವು. ಅದನ್ನು ತೆಗೆದದ್ದು ಹುಡುಗಿಯ ತಂದೆಯೇ. ಬಿಳಿಯ–ಕರಿಯ ಭೇದದ ವಿರುದ್ಧ ತೆಗೆಸಿದ ಚಿತ್ರ ಅದು. ಒಬ್ಬ ವಕೀಲರು ದಾವೆ ಹೂಡಿದರು. 2014ರ ಫೆಬ್ರವರಿಯಲ್ಲಿ ತೀರ್ಪು ಬಂತು: ಬೆತ್ತಲೆ ಇದೆ ಎಂದ ಮಾತ್ರಕ್ಕೆ ಚಿತ್ರ ಅಶ್ಲೀಲವಾಗದು, ಅದು ಏನು ಹೇಳುತ್ತದೆ ಎಂಬುದನ್ನು ನೋಡಬೇಕು. ಇಲ್ಲಿ ಇನ್ನೊಂದು ಮಾತು ಮರೆಯಬಾರದು. ಆ ಇಬ್ಬರೂ ಒಪ್ಪಿ ನಿಂತಿದ್ದರು. ಹುಲಿಗಿಯ ತಂಗಿಯನ್ನು ಕೇಳಿದವರು ಯಾರು?

ಚಂದ್ರಗುತ್ತಿಯ ಪಾಠ

ಕ್ಯಾಮರಾ ಮತ್ತು ಬರಿಮೈ ಎದುರುಬದುರಾದ ದೊಡ್ಡ ಗಲಾಟೆ ಕರ್ನಾಟಕದಲ್ಲಿ ಹಿಂದೊಮ್ಮೆ ಆಗಿದೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಗುಡಿ. ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ದೇವಿಯ ಬಳಿ ಹೋಗುವ ಬೆತ್ತಲೆ ಸೇವೆ ಅಲ್ಲಿ ನಡೆಯುತ್ತಿತ್ತು. ಹರಕೆಯವರಲ್ಲಿ ಬಡವರು, ದಲಿತರೇ ಹೆಚ್ಚು. ನೋಡಲು ಬರುವವರು ಮಾತ್ರ ಬೇರೆ ಜನ. ಕ್ಯಾಮರಾ ಹಿಡಿದವರೂ ಬಂದರು.

1986ರ ಮಾರ್ಚಿನಲ್ಲಿ ದಲಿತ ಸಂಘಟನೆಯವರು, ಸುಧಾರಕರು ಇದನ್ನು ತಡೆಯಲು ನಿಂತರು. ಪೊಲೀಸರೂ ಇದ್ದರು, ಪತ್ರಿಕೆಯವರೂ ಇದ್ದರು. ಗುಂಪು ತಿರುಗಿಬಿತ್ತು. ಸುಧಾರಕರನ್ನೂ ಪೊಲೀಸರನ್ನೂ ಹೊಡೆದು, ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡಿತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಸರ್ಕಾರ ನ್ಯಾಯಮೂರ್ತಿ ಎನ್.ಡಿ. ವೆಂಕಟೇಶ್ ಆಯೋಗ ನೇಮಿಸಿತು. ಬೆತ್ತಲೆ ಸೇವೆ ನಿಷೇಧವಾಯಿತು.

ನಿಷೇಧ ಆದದ್ದು ಸರಿಯೇ. ಬಡವರ ಭಯ–ಭಕ್ತಿಯನ್ನು ಉಳ್ಳವರು ಪುಕ್ಕಟೆ ನೋಟವಾಗಿ ಮಾಡಿಕೊಂಡಿದ್ದರು. ಆದರೆ ಆಗಿನ ವಾದವೆಲ್ಲ ನಡೆದದ್ದು "ಸಂಪ್ರದಾಯವೋ, ಮೂಢನಂಬಿಕೆಯೋ" ಎಂಬುದರ ಮೇಲೆ. ಅದಕ್ಕಿಂತ ಮುಂಚೆ ಅಲ್ಲಿ ತೆಗೆದ ಫೋಟೋಗಳಲ್ಲಿ ಮುಖ ಕಂಡ ಹೆಂಗಸರು ತಮ್ಮ ಊರಿಗೆ ಹೋಗಿ ಹೇಗೆ ತಲೆ ಎತ್ತಿದರು ಎಂಬುದು ದೊಡ್ಡ ಪ್ರಶ್ನೆಯಾಗಲೇ ಇಲ್ಲ. ದೇವಿಗೆ ಒಪ್ಪಿಸಿದ ಮೈ ಅದು. ಪತ್ರಿಕೆಗೆ ಒಪ್ಪಿಸಿದ್ದಲ್ಲ. ಈ ವ್ಯತ್ಯಾಸ ಅಂದು ತಿಳಿಯಲಿಲ್ಲ, ಇಂದೂ ತಿಳಿದಂತಿಲ್ಲ. 2025ರ ಪ್ರಯಾಗದ ಮಹಾಕುಂಭದಲ್ಲಿ ಮಿಂದ ಹೆಂಗಸರ ವಿಡಿಯೋಗಳನ್ನು ಜಾಲತಾಣಕ್ಕೆ ಹಾಕಿದ, ಟೆಲಿಗ್ರಾಂನಲ್ಲಿ ಮಾರಲು ನಿಂತ ಖಾತೆಗಳ ಮೇಲೆ ಉತ್ತರ ಪ್ರದೇಶದ ಪೊಲೀಸರು ಕೇಸು ಹಾಕಬೇಕಾಯಿತು. ಪುಣ್ಯಸ್ನಾನವೂ ಪೇಟೆಯ ಸರಕಾಯಿತು!

ಗಡ್ಡಿಯ ಸುಖಜೀವಿಗಳು

ಇನ್ನೊಂದು ಬಗೆಯ ಬರಿಮೈ ಗಂಗಾವತಿಯವರಿಗೆ ಹೊಸದಲ್ಲ. ಹಂಪಿ 1986ರಲ್ಲಿ ಯುನೆಸ್ಕೋದ ಪಟ್ಟಿ ಸೇರಿತು. ಹೊಳೆಯ ಈಚೆಗಿನ ವಿರುಪಾಪುರ ಗಡ್ಡಿ ವಿದೇಶಿಗಳ ಬೀಡಾಯಿತು. ಬಂಡೆಯ ಮೇಲೆ ತುಂಡು ಬಟ್ಟೆಯಲ್ಲಿ ಬಿಸಿಲು ಕಾಯಿಸಿಕೊಳ್ಳುವವರನ್ನು ನೋಡಲೆಂದೇ ದೂರದಿಂದ ಬೈಕಿನಲ್ಲಿ ಬಂದ ಹುಡುಗರುಂಟು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2020ರ ಮಾರ್ಚಿನಲ್ಲಿ ಗಡ್ಡಿಯ ರೆಸಾರ್ಟುಗಳನ್ನು ಕೆಡವಲಾಯಿತು. ಪ್ರವಾಸಿಗರ ಗದ್ದಲ ಸಾಣಾಪುರ, ಆನೆಗುಂದಿ ಕಡೆ ಸರಿಯಿತು. ನೋಡುವ ಹುಡುಗರೂ ಅತ್ತ ಸರಿದರು. ಬದಲಾದದ್ದು ಒಂದೇ: ಮೊದಲು ಬರೀ ಕಣ್ಣಿತ್ತು, ಈಗ ಕೈಯಲ್ಲಿ ಮೊಬೈಲಿದೆ.

ಯುರೋಪಿನಲ್ಲಿ ಬಟ್ಟೆಯಿಲ್ಲದೆ ಬಿಸಿಲು–ಗಾಳಿಗೆ ಮೈ ಒಡ್ಡುವುದನ್ನೇ ಜೀವನಕ್ರಮ ಎನ್ನುವ ಸಂಘಗಳಿವೆ. ಅವಕ್ಕೆಂದೇ ಕಡಲತೀರ, ಶಿಬಿರಗಳಿವೆ. ಸೋಜಿಗದ ಸಂಗತಿಯೆಂದರೆ ಇಂಥ ಮೊದಮೊದಲ ಸಂಘಗಳಲ್ಲೊಂದು ಹುಟ್ಟಿದ್ದು ನಮ್ಮ ದೇಶದಲ್ಲೇ. 1891ರಲ್ಲಿ ಮುಂಬಯಿ ಪ್ರಾಂತ್ಯದ ಠಾಣೆಯಲ್ಲಿ ನ್ಯಾಯಾಧೀಶನಾಗಿದ್ದ ಚಾರ್ಲ್ಸ್ ಕ್ರಾಫರ್ಡ್ ಎಂಬ ಇಂಗ್ಲಿಷರವ 'ಫೆಲೋಶಿಪ್ ಆಫ್ ದಿ ನೇಕೆಡ್ ಟ್ರಸ್ಟ್' ಕಟ್ಟಿದ. ಸೇರಿದ್ದು ಮೂರೇ ಜನ. ಅದೂ ಬಹುಕಾಲ ಬಾಳಲಿಲ್ಲ.

ಆ ಜನರಿಂದ ಕಲಿಯುವುದು ಒಂದಿದೆ. ಅವರ ಹಲವು ಶಿಬಿರಗಳಲ್ಲಿ ಬಟ್ಟೆ ಬಿಚ್ಚಲು ಅಡ್ಡಿಯಿಲ್ಲ, ಕೇಳದೆ ಕ್ಯಾಮರಾ ಬಿಚ್ಚಲು ಮಾತ್ರ ಅಡ್ಡಿಯಿದೆ. ಬಟ್ಟೆ ಇಲ್ಲದವರಿಗೂ ಮರೆ ಬೇಕು ಎಂಬುದನ್ನು ಬಟ್ಟೆ ಬಿಟ್ಟವರೇ ಒಪ್ಪಿಕೊಂಡಿದ್ದಾರೆ. ಕಂಡವರಿಗೆಲ್ಲ ಕಾಣಲಿ ಎಂದು ಒಪ್ಪುವುದು ಬೇರೆ, ಕಾಣದವರಿಗೂ ಎಂದೆಂದಿಗೂ ಕಾಣಲಿ ಎಂದು ಒಪ್ಪುವುದು ಬೇರೆ.

ನಮ್ಮಲ್ಲಿ ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವಂತೆ ಅಶ್ಲೀಲವಾಗಿ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಲ್ಲಿ 3 ತಿಂಗಳವರೆಗೆ ಶಿಕ್ಷೆಯುಂಟು. ಗೋವೆಯ ತೀರದಲ್ಲಿ ಬೆತ್ತಲೆ ಓಡಿದ ತನ್ನದೇ ಫೋಟೋ ಹಾಕಿಕೊಂಡ ನಟ ಮಿಲಿಂದ್ ಸೋಮನ್ ಮೇಲೆ 2020ರ ನವೆಂಬರಿನಲ್ಲಿ ಕೇಸು ಬಿತ್ತು. ತನ್ನ ಫೋಟೋ ತಾನೇ ಹಾಕಿಕೊಂಡವನಿಗೆ ಕೂಡಲೇ ಕೇಸು. ಬೇರೆಯವರ ಫೋಟೋ ಕದ್ದು ಹಾಕಿದವನು ಸಿಗುವುದು ನೊಂದವಳು ಧೈರ್ಯ ಮಾಡಿ ಪುಕಾರು ಕೊಟ್ಟಾಗ ಮಾತ್ರ. ತಕ್ಕಡಿ ಎತ್ತ ವಾಲಿದೆ ಎಂಬುದನ್ನು ಅಂಗಡಿಯವರೇ ಹೇಳಬೇಕು.

ಇಲ್ಲದವರ ಬರಿಮೈ

ಭಕ್ತಿಯ ಬರಿಮೈ ಆಯಿತು, ಸುಖದ ಬರಿಮೈ ಆಯಿತು. ಮೂರನೆಯದನ್ನು ಯಾರೂ ಮಾತಾಡುವುದಿಲ್ಲ. ಅದು ಇಲ್ಲದವರ ಬರಿಮೈ. ಮನೆಯಲ್ಲಿ ಬಚ್ಚಲಿಲ್ಲದೆ ತಟ್ಟಿ ಮರೆಯಲ್ಲಿ ಮೀಯುವವರು, ಎಡದಂಡೆ ಕಾಲುವೆಯಲ್ಲಿ ಮೈ ತೊಳೆಯುವ ಕೂಲಿಯವರು, ಕತ್ತಲಾಗುವುದನ್ನೇ ಕಾದು ಬಯಲಿಗೆ ಹೋಗುವವರು. ಗಂಗಾವತಿ ಸಮೀಪದ ದಾಣಾಪುರದ ಶಾಲಾ ಹುಡುಗಿಯೊಬ್ಬಳು ಮನೆಗೆ ಶೌಚಾಲಯ ಬೇಕೆಂದು ಉಪವಾಸ ಕೂತಳು. 2016ರ ಆಗಸ್ಟಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಆ ಮಾತು ಎತ್ತಿದರು. ಆ ಹುಡುಗಿ ಕೇಳಿದ್ದು ನಾಲ್ಕು ಗೋಡೆಯನ್ನಷ್ಟೇ ಅಲ್ಲ, ಮರೆಯನ್ನು.

ಮರೆಯಿಲ್ಲದ ಬಡವರ ಮೇಲೆ ಸರ್ಕಾರದವರೇ ಕ್ಯಾಮರಾ ಎತ್ತಿದ್ದೂ ಉಂಟು. 2017ರ ಜೂನಿನಲ್ಲಿ ರಾಜಸ್ಥಾನದ ಪ್ರತಾಪಗಡದಲ್ಲಿ ಬಯಲಿಗೆ ಹೋದ ಹೆಂಗಸರ ಫೋಟೋವನ್ನು ನಗರಸಭೆಯ ಸಿಬ್ಬಂದಿ ತೆಗೆಯುತ್ತಿದ್ದಾರೆಂದು ಅಡ್ಡಬಂದವನೊಬ್ಬ ಆ ಗಲಾಟೆಯಲ್ಲಿ ಪ್ರಾಣ ಬಿಟ್ಟ. ಹೊಡೆದು ಕೊಂದರೆಂದು ಮನೆಯವರು ದೂರಿದರು. ನಾಚಿಕೆ ಹುಟ್ಟಿಸಿ ಊರು ಶುದ್ಧ ಮಾಡುತ್ತೇವೆ ಎಂದು ಹೊರಟರೆ ಆಗುವುದು ಹೀಗೆ.

ಕಾನೂನು ಏನನ್ನುತ್ತದೆ

ಕಾನೂನು ಇಲ್ಲವೆಂದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ದಾವೆ ಹೂಡಿದವರು ಕನ್ನಡ ನಾಡಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು 2024ರಲ್ಲಿ ತೀರಿಕೊಂಡರು.

2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 77ನೇ ಕಲಮು, ಮರೆಯಲ್ಲಿರುವ ಹೆಣ್ಣನ್ನು ಕದ್ದು ನೋಡುವುದೂ ಅಪರಾಧ, ಚಿತ್ರ ತೆಗೆಯುವುದೂ ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೆ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ ಜೈಲು. ಅದರಲ್ಲೇ ಇನ್ನೊಂದು ಮಾತಿದೆ, ಹುಡುಗರು ಬರೆದಿಟ್ಟುಕೊಳ್ಳಬೇಕು: ಚಿತ್ರ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧವೇ. "ಆಕಿನ ಕಳಿಸಿದ್ಲು" ಎಂಬ ಸಬೂಬು ನಡೆಯದು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಗಂಡಸರಿಗೂ ರಕ್ಷಣೆ ಕೊಡುತ್ತದೆ. ಒಪ್ಪಿಗೆಯಿಲ್ಲದೆ ಗುಪ್ತಾಂಗದ ಚಿತ್ರ ತೆಗೆದರೆ, ಕಳಿಸಿದರೆ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಗ ಖಾಸಗಿಯೋ ಸಾರ್ವಜನಿಕವೋ ಎಂಬುದು ಇಲ್ಲಿ ಅಡ್ಡಿಯಲ್ಲ.

ಹಾಗಾದರೆ ಹೊಳೆದಂಡೆ? ಇಲ್ಲೇ ಇದೆ ತೂತು. ಒದ್ದೆ ಸೀರೆ ಮೈಗಂಟಿದ ಹೆಂಗಸಿನ ಫೋಟೋ ತೆಗೆದವನು, "ಎಲ್ಲರೂ ನೋಡುವ ಜಾಗ, ಮೈ ಮೇಲೆ ಸೀರೆಯೂ ಇತ್ತು" ಎಂದು ವಾದಿಸಬಹುದು. ಹೆಣ್ಣಿನ ಮಾನಕ್ಕೆ, ಖಾಸಗಿತನಕ್ಕೆ ಕೈ ಹಾಕಿದ್ದಕ್ಕೆ 79ನೇ ಕಲಮು ಹಚ್ಚಬಹುದು. ಆದರೆ ಉದ್ದೇಶ ಏನಿತ್ತು ಎಂಬುದನ್ನು ತೋರಿಸಬೇಕು. ಕಾನೂನು ಮೈಯ ಭಾಗಗಳನ್ನು ಎಣಿಸುತ್ತದೆ. ಆಕೆಗೆ ನೋವಾಗುವುದು ತನ್ನನ್ನು ಕೇಳಲಿಲ್ಲವಲ್ಲ ಎಂಬುದಕ್ಕೆ.

ನೆಗೆಟಿವ್ ಇಲ್ಲದ ಕಾಲ

ಹಿಂದೆ ಫೋಟೋ ಎಂದರೆ ಸ್ಟುಡಿಯೋ. ರೋಲಿನಲ್ಲಿ 36 ಚಿತ್ರ. ತೊಳೆಯುವವನು ಒಬ್ಬ, ಅವನಿಗೆ ಊರಿನ ಅಂಜಿಕೆ. ಏನಾದರೂ ಹೆಚ್ಚುಕಡಿಮೆ ಆದರೆ ನಾಲ್ಕು ಹಿರಿಯರು ಹೋಗಿ "ನೆಗೆಟಿವ್ ಕೊಡಪಾ" ಎಂದು ತಂದು ಸುಟ್ಟರೆ ಮುಗಿಯಿತು. ಈಗ ನೆಗೆಟಿವ್ ಇಲ್ಲ. ತೆಗೆದವನ ಫೋನಿನಲ್ಲಿ ಅಳಿಸಿದರೆ ಗೆಳೆಯನ ಫೋನಿನಲ್ಲಿರುತ್ತದೆ, ಅಲ್ಲಿ ಅಳಿಸಿದರೆ ಕಂಪನಿಯ ಉಗ್ರಾಣದಲ್ಲಿರುತ್ತದೆ. ಒಮ್ಮೆ ಮಾತ್ರ ಕಾಣುವಂತೆ ಕಳಿಸಿದ್ದನ್ನೂ ಇನ್ನೊಂದು ಫೋನಿನಿಂದ ಹೊಡೆದುಕೊಳ್ಳಬಹುದು. ಫೋನಿನಲ್ಲಿ ಜಾಗದ ಗುರುತು ಚಾಲೂ ಇದ್ದರೆ ಫೋಟೋದೊಳಗೇ ಊರು–ಓಣಿಯ ಪತ್ತೆಯೂ ಅಡಗಿರುತ್ತದೆ.

ಈಗಂತೂ ಬಟ್ಟೆ ಬಿಚ್ಚುವುದೇ ಬೇಕಾಗಿಲ್ಲ. ಮದುವೆಯಲ್ಲಿ ತೆಗೆದ ಫೋಟೋದ ಮುಖ ಸಾಕು, ಉಳಿದದ್ದನ್ನು ಯಂತ್ರವೇ ಕೂಡಿಸುತ್ತದೆ. 2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬಳ ಮೈಗೆ ಅಂಟಿಸಿದ ವಿಡಿಯೋ ದೇಶವೆಲ್ಲ ಸುತ್ತಿತು. ನಟಿಗೆ ಧ್ವನಿಯಿತ್ತು, ದಿಲ್ಲಿ ಪೊಲೀಸರು 2024ರ ಜನವರಿಯಲ್ಲಿ ಒಬ್ಬನನ್ನು ಹಿಡಿದರು. ಯಲಬುರ್ಗಾದಿಂದ ಕೊಪ್ಪಳಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಕಾಲೇಜು ಹುಡುಗಿಗೆ ಹೀಗಾದರೆ? ಮನೆಯವರು ಮೊದಲು ಕಸಿಯುವುದು ಆಕೆಯ ಫೋನು, ಆಮೇಲೆ ಬಿಡಿಸುವುದು ಆಕೆಯ ಕಾಲೇಜು. ತಪ್ಪು ಮಾಡಿದವನು ಅದೇ ಬಸ್ಸಿನಲ್ಲಿ ಕಿಟಕಿ ಸೀಟಿನಲ್ಲಿ ಕೂತಿರುತ್ತಾನೆ. ಹೆದರಿಸಿ ಹಣ ಕೀಳುವವರ ಬಂಡವಾಳ ಫೋಟೋ ಅಲ್ಲ, ಮನೆಯವರು ಬೈದಾರು ಎಂಬ ಹುಡುಗಿಯ ಹೆದರಿಕೆ. ಆ ಹೆದರಿಕೆ ತೆಗೆದರೆ ಅವರ ಅಂಗಡಿ ಮುಚ್ಚುತ್ತದೆ.

ಅಂಗಡಿಯವರ ಕೈಯಲ್ಲಿರುವುದು

ಎಲ್ಲವನ್ನೂ ಪೊಲೀಸರ ಮೇಲೆ ಹೊರಿಸಿ ಕೂರುವಂತಿಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಹೆಂಗಸರ ತಪಾಸಣೆಯ ದೃಶ್ಯಗಳು ಹೊರಬಿದ್ದು ಮಾರಾಟವಾದವು. ಕಳ್ಳರು ಗೋಡೆ ಹಾರಿ ಬಂದಿರಲಿಲ್ಲ. ಸಿಸಿಟಿವಿಯ ಪಾಸ್‌ವರ್ಡು ಯಾರೂ ಊಹಿಸುವಷ್ಟು ಸುಲಭದ್ದಾಗಿತ್ತು. ಕೊಪ್ಪಳ, ಗಂಗಾವತಿಯ ಅಂಗಡಿಗಳಲ್ಲಿ ಕ್ಯಾಮರಾ ಕೂಡಿಸಿದ ದಿನ ಹುಡುಗ ಹಾಕಿಕೊಟ್ಟ ಪಾಸ್‌ವರ್ಡನ್ನು ಬದಲಿಸಿದವರು ಎಷ್ಟು ಜನ? ಬಟ್ಟೆ ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡುವ ಕೋಣೆಯತ್ತ ಕ್ಯಾಮರಾ ಮುಖ ಮಾಡಿಲ್ಲವೆಂದು ಮಾಲೀಕರು ತಾವೇ ನಿಂತು ನೋಡಿದ್ದಾರೆಯೇ? ಮೊಬೈಲ್ ರಿಪೇರಿಗೆ ಬಂದ ಫೋನಿನ ಗ್ಯಾಲರಿ ತೆರೆಯಬಾರದೆಂದು ಕೆಲಸದ ಹುಡುಗನಿಗೆ ತಾಕೀತು ಮಾಡಿದ್ದಾರೆಯೇ? ಗಿರಾಕಿ ನಂಬಿ ಬಂದಿರುತ್ತಾನೆ. ನಂಬಿಕೆ ಹೋದರೆ ಬಾಕಿ ವಸೂಲಿಯಾದೀತು, ಗಿರಾಕಿ ಮರಳಿ ಬಾರ.

ಹುಲಿಗಿಯ ದಂಡೆಯಲ್ಲಿ ಹುಣ್ಣಿಮೆಯ ಜನಕ್ಕೆ ತಕ್ಕಷ್ಟು ಬಟ್ಟೆ ಬದಲಿಸುವ ಕೋಣೆ ಇರಬೇಕು. ಹೆಂಗಸರ ಸ್ನಾನದ ಘಟ್ಟದಲ್ಲಿ ಮೊಬೈಲು ಎತ್ತಬಾರದೆಂಬ ಬೋರ್ಡು ಇರಬೇಕು, ಬೋರ್ಡಿನ ಕೆಳಗೆ ಒಬ್ಬ ಪೊಲೀಸನೂ ಇರಬೇಕು. ಸಾಣಾಪುರದ ಕೆರೆಯಲ್ಲಿ ಈಜುವವರಿಗೂ ಇದೇ ಕಟ್ಟಳೆ ಸಲ್ಲಬೇಕು. ಅವರು ಯಾವ ದೇಶದವರು, ಏನು ತೊಟ್ಟಿದ್ದಾರೆ ಎಂಬುದು ಕ್ಯಾಮರಾಕ್ಕೆ ಕೊಟ್ಟ ಪರವಾನಿಗೆಯಲ್ಲ.

ಪೆಟ್ಟು ತಿಂದವರು ಮಾಡಬೇಕಾದ್ದು ಇಷ್ಟು. ಹಣ ಕೊಡಬಾರದು. ಬೆದರಿಕೆಯ ಸಂದೇಶ, ಖಾತೆಯ ಹೆಸರು, ನಂಬರನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಬಹುದು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನು ಮಾಡಬೇಕು. ಕೇಂದ್ರದ ಸೈಬರ್‌ಕ್ರೈಮ್ ಜಾಲತಾಣದಲ್ಲಿ ಮನೆಯಲ್ಲೇ ಕೂತು ಪುಕಾರು ದಾಖಲಿಸಬಹುದು. 2021ರಲ್ಲಿ ಶುರುವಾದ ಸ್ಟಾಪ್‌ಎನ್‌ಸಿಐಐ ಎಂಬ ವ್ಯವಸ್ಥೆಯಲ್ಲಿ ಫೋಟೋವನ್ನು ಯಾರಿಗೂ ಕೊಡದೆ, ಅದರ ಬೆರಳಚ್ಚಿನಂಥ ಗುರುತನ್ನಷ್ಟೇ ಕಂಪನಿಗಳಿಗೆ ಮುಟ್ಟಿಸಿ, ಅದು ಹರಡದಂತೆ ತಡೆ ಕೇಳಬಹುದು. ಚಿತ್ರ ಹದಿನೆಂಟು ತುಂಬದ ಮಕ್ಕಳದ್ದಾದರೆ ಪೋಕ್ಸೋ ಕಾಯ್ದೆ ಬರುತ್ತದೆ. ಇಟ್ಟುಕೊಂಡವನೂ, ಮುಂದೆ ಕಳಿಸಿದವನೂ ಸಿಕ್ಕಿಬೀಳುತ್ತಾರೆ.

ಉಳಿದವರು ಮಾಡಬೇಕಾದ್ದು ಇನ್ನೂ ಸುಲಭ. ಬಂದದ್ದನ್ನು ಮುಂದೆ ಕಳಿಸಬಾರದು. ನೂರು ಜನರ ಗುಂಪಿನಲ್ಲಿ ಒಬ್ಬ "ಇದನ್ನ ತಗಿಯೋ ಮಾರಾಯಾ" ಅಂದರೆ ಉಳಿದ ತೊಂಬತ್ತೊಂಬತ್ತು ಜನರ ಕೈ ಸ್ವಲ್ಪವಾದರೂ ತಡೆಯುತ್ತದೆ.

ಹುಲಿಗಿಯ ಹೊಳೆಯಲ್ಲಿ ಅಕ್ಕ ಇನ್ನೂ ಸೀರೆ ಹಿಡಿದೇ ನಿಂತಿದ್ದಾಳೆ. ಮೊದಲು ಒಂದೇ ಕಡೆ ಹಿಡಿದರೆ ಸಾಕಿತ್ತು. ಈಗ ನಾಲ್ಕೂ ಕಡೆ ಹಿಡಿಯಬೇಕಾಗಿದೆ, ಮೇಲೆ ಡ್ರೋನು ಹಾರಿದರೆ ತಲೆಯ ಮೇಲೂ ಹಿಡಿಯಬೇಕು. ಆಕೆಗಿರುವುದು ಎರಡೇ ಕೈ. ಉಳಿದ ಕಡೆ ಹಿಡಿಯಬೇಕಾದವರು ದಂಡೆಯ ಮೇಲಿದ್ದ ನಾವು ನೀವು.